ಗುಪ್ತಚರ ಸಂಸ್ಥೆಗಳ ಮೇಲೆ ಸಂಸತ್ತಿನ ಉಸ್ತುವಾರಿ ಕೋರಿ ಮನವಿ

ಗೆ:
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಗೃಹ ವ್ಯವಹಾರಗಳ ಸಂಸದೀಯ ಸ್ಥಾಯಿ ಸಮಿತಿ,
ರಾಜ್ಯಸಭಾ ಸಚಿವಾಲಯ, ನವದೆಹಲಿ.

ಇಂದ:
ಮೈಸೂರಿನ ವಕೀಲರು, ನಿವೃತ್ತ ಸರ್ಕಾರಿ ನೌಕರರು ಮತ್ತು ನಾಗರಿಕರು.

ವಿಷಯ: ಐಬಿ, ರಾ ಮತ್ತು ಎನ್‌ಟಿಆರ್‌ಒ (ರಾಷ್ಟ್ರೀಯ ತಾಂತ್ರಿಕ ಸಂಶೋಧನಾ ಸಂಸ್ಥೆ) ಸಂಸ್ಥೆಗಳಿಗೆ ಕಾನೂನಿನ ಚೌಕಟ್ಟು ಒದಗಿಸಿ, ಅವುಗಳ ಮೇಲೆ ಉಭಯ ಸದನಗಳ ಜಂಟಿ ಸಮಿತಿ ನೇಮಿಸುವಂತೆ ಶಿಫಾರಸು ಮಾಡುವ ಕುರಿತು.

ಮಾನ್ಯರೇ,

ಐಬಿ 1887ರಲ್ಲಿ ಬ್ರಿಟಿಷ್ ಆಡಳಿತದ ಆದೇಶವೊಂದರಿಂದ ಹುಟ್ಟಿತು. ರಾ 1968ರಲ್ಲಿ ಅದರಿಂದ ಬೇರ್ಪಟ್ಟಿತು. ಇವುಗಳ ಅಧಿಕಾರ ಎಷ್ಟು, ಮಿತಿ ಎಲ್ಲಿ, ಹೊಣೆ ಯಾರಿಗೆ ಎಂದು ಹೇಳುವ ಕಾನೂನು ಇಂದಿಗೂ ಇಲ್ಲ. 2008ರಲ್ಲಿ ಎನ್‌ಐಎ ಸ್ಥಾಪನೆಯಾದಾಗ ಅದಕ್ಕೆಂದೇ ಒಂದು ಕಾಯ್ದೆ ಬಂತು. ಹಳೆಯ, ದೊಡ್ಡ ಸಂಸ್ಥೆಗಳಿಗೆ ಮಾತ್ರ ಆ ಭಾಗ್ಯ ಇನ್ನೂ ಬಂದಿಲ್ಲ.

ಸಂಸತ್ತು ಇವುಗಳ ಬಗ್ಗೆ ಮೌನವಾಗಿತ್ತು ಎನ್ನುವಂತೆಯೂ ಇಲ್ಲ. 1985ರ ಕಾಯ್ದೆಯೊಂದು ಗುಪ್ತಚರ ನೌಕರರು ಸಂಘ ಕಟ್ಟುವುದನ್ನೂ ಪತ್ರಿಕೆಗಳೊಡನೆ ಮಾತಾಡುವುದನ್ನೂ ನಿರ್ಬಂಧಿಸಿತು. 2005ರ ಮಾಹಿತಿ ಹಕ್ಕು ಕಾಯ್ದೆಯ 24ನೇ ಕಲಂ, ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳನ್ನು ಬಿಟ್ಟರೆ ಉಳಿದೆಲ್ಲದರಿಂದ ಇವುಗಳಿಗೆ ವಿನಾಯಿತಿ ಕೊಟ್ಟಿತು. ನೌಕರ ಮಾತಾಡಬಾರದು, ನಾಗರಿಕ ಕೇಳಬಾರದು ಎಂದಾಯಿತು. ಹಾಗಾದರೆ ಕೇಳಬೇಕಾದವರು ಯಾರು ಎಂಬುದನ್ನು ಮಾತ್ರ ಯಾವ ಕಾಯ್ದೆಯೂ ಹೇಳಲಿಲ್ಲ.

ಈ ಪ್ರಶ್ನೆ ನಮ್ಮ ರಾಜ್ಯದಲ್ಲಿ ಹೊಸದಲ್ಲ. ಫೋನ್ ಕದ್ದಾಲಿಕೆ ಆರೋಪದ ಹಿನ್ನೆಲೆಯಲ್ಲಿ 1988ರಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ಐಬಿಗೆ ಕಾನೂನಿನ ಆಧಾರವೇನು ಎಂದು ಅದೇ ಸಂಸ್ಥೆಯ ನಿವೃತ್ತ ಅಧಿಕಾರಿಯೊಬ್ಬರು 2012ರಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಕೇಳಿದರು. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪು ಯಾರ ಹೆಸರಿನಲ್ಲಿದೆಯೋ ಆ ಕೆ.ಎಸ್. ಪುಟ್ಟಸ್ವಾಮಿಯವರು ಇದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು.

ಕದ್ದಾಲಿಕೆಯ ವಿಷಯವನ್ನೇ ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಕೇಂದ್ರದಲ್ಲಿ ಆದೇಶಕ್ಕೆ ಸಹಿ ಹಾಕುವವರು ಗೃಹ ಕಾರ್ಯದರ್ಶಿ. ಆ ಆದೇಶ ಸರಿಯೇ ಎಂದು ನೋಡುವ ಪರಿಶೀಲನಾ ಸಮಿತಿಯಲ್ಲಿ ಇರುವವರು ಸಂಪುಟ ಕಾರ್ಯದರ್ಶಿ ಮತ್ತು ಇನ್ನಿಬ್ಬರು ಕಾರ್ಯದರ್ಶಿಗಳು. 1996ರ ಪಿಯುಸಿಎಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಸಮಿತಿ ಬೇಕೆಂದಿತೇ ಹೊರತು ನ್ಯಾಯಾಧೀಶರ ಪೂರ್ವಾನುಮತಿಯನ್ನು ಕಡ್ಡಾಯ ಮಾಡಲಿಲ್ಲ. 2018ರಲ್ಲಿ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ ಇದರ ಫಲವನ್ನು ಲೆಕ್ಕ ಹಾಕಿ ತೋರಿಸಿತು: ಕೇಂದ್ರದಿಂದ ತಿಂಗಳಿಗೆ 7,500ರಿಂದ 9,000 ಆದೇಶಗಳು ಹೊರಡುತ್ತವೆ, ಎರಡು ತಿಂಗಳಿಗೊಮ್ಮೆ ಸೇರುವ ಪರಿಶೀಲನಾ ಸಮಿತಿಯ ಮುಂದೆ ಒಂದೊಂದು ಸಭೆಗೂ 15,000ರಿಂದ 18,000 ಆದೇಶಗಳು ಬಂದು ಬೀಳುತ್ತವೆ. ದಿನವಿಡೀ ಬೇರೆ ಕೆಲಸವಿರುವ ಮೂವರು ಅಧಿಕಾರಿಗಳು ಇಷ್ಟನ್ನು ಓದುತ್ತಾರೆಂದು ನಂಬುವುದು ಅವರಿಗೂ ಕಷ್ಟವೇ. 2023ರ ದೂರಸಂಪರ್ಕ ಕಾಯ್ದೆಯಡಿ 2024ರಲ್ಲಿ ಹೊಸ ನಿಯಮಗಳು ಬಂದಾಗಲೂ ಪರಿಶೀಲನೆ ಅಧಿಕಾರಿಗಳ ಕೈಯಲ್ಲೇ ಉಳಿಯಿತು.

ಪೆಗಾಸಸ್ ಎಂಬ ಬೇಹು ತಂತ್ರಾಂಶದ ವಿವಾದ ಇನ್ನೊಂದು ಪಾಠ. 2021ರ ಜುಲೈನಲ್ಲಿ ಮಾಹಿತಿ ತಂತ್ರಜ್ಞಾನ ಸ್ಥಾಯಿ ಸಮಿತಿಯ ಸಭೆ ಕೋರಂ ಇಲ್ಲದೆ ನಿಂತುಹೋಯಿತು. ಬಳಿಕ ಸುಪ್ರೀಂ ಕೋರ್ಟ್ ನೇಮಿಸಿದ, ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮೇಲ್ವಿಚಾರಣೆಯ ಸಮಿತಿ 29 ಫೋನುಗಳನ್ನು ಪರೀಕ್ಷಿಸಿ ಐದರಲ್ಲಿ ಕುತಂತ್ರಾಂಶ ಕಂಡಿತು, ಅದು ಪೆಗಾಸಸ್ಸೇ ಎಂದು ಹೇಳಲಾಗಲಿಲ್ಲ. ಸರ್ಕಾರ ಸಹಕರಿಸಲಿಲ್ಲ ಎಂದು ಮುಖ್ಯ ನ್ಯಾಯಮೂರ್ತಿಗಳೇ 2022ರ ಆಗಸ್ಟ್‌ನಲ್ಲಿ ತೆರೆದ ನ್ಯಾಯಾಲಯದಲ್ಲಿ ತಿಳಿಸಿದರು. ಸುಪ್ರೀಂ ಕೋರ್ಟಿನ ಸಮಿತಿಗೇ ಸಿಗದ ಉತ್ತರ ಸಾಮಾನ್ಯ ಅರ್ಜಿದಾರನಿಗೆ ಸಿಕ್ಕೀತೆ?

ಸೇತುವೆ ಕಾಮಗಾರಿಯ ಕಡತದಂತೆ ಬೇಹುಗಾರಿಕೆಯ ಕಡತವನ್ನೂ ಬಿಚ್ಚಿಡಿ ಎಂದು ನಾವು ಕೇಳುತ್ತಿಲ್ಲ. ಮೂಲಗಳ ಹೆಸರು, ನಡೆಯುತ್ತಿರುವ ಕಾರ್ಯಾಚರಣೆ, ಹೊರದೇಶಗಳಿಂದ ಬಂದ ಮಾಹಿತಿ ಗುಟ್ಟಾಗಿಯೇ ಇರಲಿ. ಅಮೆರಿಕದ ಸೆನೆಟ್ 1976ರಲ್ಲಿ, ಬ್ರಿಟನ್ 1994ರಲ್ಲಿ ಇಂಥ ಸಮಿತಿಗಳನ್ನು ಮಾಡಿಕೊಂಡವು. ಅದರಿಂದ ಅವುಗಳ ಬೇಹುಗಾರಿಕೆ ಬಾಗಿಲು ಮುಚ್ಚಲಿಲ್ಲ.

ಆದ್ದರಿಂದ ಸಮಿತಿಯು ಕೆಳಗಿನಂತೆ ಶಿಫಾರಸು ಮಾಡಬೇಕೆಂದು ಕೋರುತ್ತೇವೆ.

1. ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯ 8ನೇ ನಮೂದು ಕೇಂದ್ರ ಗುಪ್ತಚರ ಮತ್ತು ತನಿಖಾ ಸಂಸ್ಥೆಯನ್ನು ಹೆಸರಿಸುತ್ತದೆ; ಅಧಿಕಾರ ಸಂಸತ್ತಿನ ಕೈಯಲ್ಲೇ ಇದೆ. ಮೂರೂ ಸಂಸ್ಥೆಗಳಿಗೆ ಸರ್ಕಾರವೇ ಮಸೂದೆ ತರಲಿ. 2011ರಲ್ಲಿ ಮನೀಶ್ ತಿವಾರಿ ತಂದ ಖಾಸಗಿ ಮಸೂದೆ ಕಾನೂನಾಗಲಿಲ್ಲ. 1970ರ ನಂತರ ಯಾವ ಖಾಸಗಿ ಮಸೂದೆಯೂ ಕಾನೂನಾಗಿಲ್ಲ ಎಂಬುದು ಸದಸ್ಯರಿಗೆ ನಮಗಿಂತ ಚೆನ್ನಾಗಿ ಗೊತ್ತು.

2. ಉಭಯ ಸದನಗಳ ಸಣ್ಣ ಜಂಟಿ ಸಮಿತಿಯೊಂದು ಗೋಪ್ಯತೆಯ ಪ್ರಮಾಣ ಸ್ವೀಕರಿಸಿ ಕೆಲಸ ಮಾಡಲಿ. ಅದರ ಅವಧಿ ಲೋಕಸಭೆಯ ಪೂರ್ಣ ಅವಧಿಯಷ್ಟಿರಲಿ. ವರ್ಷಕ್ಕೊಮ್ಮೆ ಪುನಾರಚನೆಯಾಗುವ ಸ್ಥಾಯಿ ಸಮಿತಿಯಲ್ಲಿ ಸದಸ್ಯರು ವಿಷಯ ಕಲಿಯುವಷ್ಟರಲ್ಲಿ ಬದಲಾಗುತ್ತಾರೆ. 1967ರಿಂದ ಸಾರ್ವಜನಿಕ ಲೆಕ್ಕಪತ್ರ ಸಮಿತಿಯಲ್ಲಿ ನಡೆದುಬಂದಂತೆ ಇದರ ಅಧ್ಯಕ್ಷತೆಯೂ ವಿರೋಧಪಕ್ಷಕ್ಕೆ ಸಿಗಲಿ.

3. ಕದ್ದಾಲಿಕೆ ಆದೇಶಗಳ ಪರಿಶೀಲನೆಯಲ್ಲಿ ನ್ಯಾಯಾಧೀಶರೊಬ್ಬರು ಇರಲಿ. ಎಷ್ಟು ಆದೇಶ ಹೊರಟವು, ಎಷ್ಟು ರದ್ದಾದವು ಎಂಬ ಸಂಖ್ಯೆಗಳನ್ನಾದರೂ ಪ್ರತಿವರ್ಷ ಸದನದಲ್ಲಿ ಮಂಡಿಸಲಿ. ಸಂಖ್ಯೆ ತಿಳಿದರೆ ಯಾವ ಗೂಢಚಾರನೂ ಸಿಕ್ಕಿಬೀಳುವುದಿಲ್ಲ.

ಮಸೂದೆ ಬರುವ ತನಕ, ಮುಂದಿನ ಅನುದಾನ ಬೇಡಿಕೆಗಳ ಪರಿಶೀಲನೆಯ ವೇಳೆ ಗೃಹ ಕಾರ್ಯದರ್ಶಿಯವರನ್ನು ಕರೆಸಿ ಮೇಲಿನ ಮೂರನೇ ಕೋರಿಕೆಯಲ್ಲಿ ಹೇಳಿದ ಅಂಕಿಅಂಶಗಳನ್ನು ಕೇಳಬೇಕೆಂದೂ, ಮೌಖಿಕ ಸಾಕ್ಷ್ಯಕ್ಕೆ ನಮ್ಮ ಪ್ರತಿನಿಧಿಗಳಿಗೆ ಅವಕಾಶ ನೀಡಬೇಕೆಂದೂ ವಿನಂತಿಸುತ್ತೇವೆ. ಸಹಿ ಮಾಡಿದವರ ಪಟ್ಟಿಯನ್ನು ಲಗತ್ತಿಸಲಾಗಿದೆ.

ಇಂತಿ ತಮ್ಮ ವಿಶ್ವಾಸಿಗಳು,
ಮನವಿದಾರರು
ಮೈಸೂರು