ಮರದ ಮೇಲಿರೋದೆಲ್ಲ ಬಂದಳಿಕೆ ಅಲ್ಲ (ಭಾಗ 4)

ಮಳೆಗಾಲಕ್ಕೆ ಮುಂಚೆ ಎಲ್ಲ ಕಡೆ 'ಕ್ಲೀನಿಂಗ್' ಅಂತ ಶುರುವಾಗತ್ತಲ್ಲ, ಇವತ್ತು ಅದರ ಬಗ್ಗೆ ಸ್ವಲ್ಪ ಖಾರವಾಗೇ ಬರೀತೀನಿ.

ಮೊದಲನೇ ಫೋಟೋ ನೋಡಿ. ರಸ್ತೆ ಬದಿಯ ಮಳೆಮರ. ಬುಡಕ್ಕೆ ಕೆಮ್ಮಣ್ಣು-ಸುಣ್ಣದ ಪಟ್ಟಿ, ಅದರ ಮೇಲೆ ಕತ್ತಿಯಲ್ಲಿ ಕೆರೆದ ಗುರುತು. ಕೆಳಗೆ ರಾಶಿ ಬಿದ್ದಿರೋದು ಜರಿಗಿಡ. ಯಾಕೆ ಕೆರೆದ್ರಿ ಅಂದ್ರೆ ಉತ್ತರ ರೆಡಿ: "ಬಂದಳಿಕೆ, ಮರದ ರಸ ಹೀರತ್ತೆ."

ಹೀರಲ್ಲ ರೀ! ಬಂದಳಿಕೆ ಹೂ ಬಿಡತ್ತೆ, ಹಣ್ಣು ಬಿಡತ್ತೆ. ಅದರ ಅಂಟು ಬೀಜಾನ ಹಕ್ಕಿಗಳು ಕೊಂಬೆಗೆ ಅಂಟಿಸಿ ಹೋಗ್ತವೆ. ಮೊಳಕೆ ತೊಗಟೆ ಕೊರೆದು ಒಳಗಿಳಿದು ಮರದ ನೀರು ಕದಿಯತ್ತೆ. ಜರಿಗಿಡಕ್ಕೆ ಹೂವೂ ಇಲ್ಲ, ಬೀಜವೂ ಇಲ್ಲ. ಅದರ ಬೇರು ತೊಗಟೆಯನ್ನ ಮೇಲಿಂದ ಹಿಡ್ಕೊಂಡಿರತ್ತೆ ಅಷ್ಟೇ. ಮಳೆನೀರು, ಧೂಳು, ಕೊಳೆತ ತರಗೆಲೆ, ಇಷ್ಟೇ ಊಟ. ನಮ್ಮ ಬಿಕಾಂ ಭಾಷೇಲಿ ಹೇಳೋದಾದ್ರೆ, ಮರದ ಖಾತೆಯಿಂದ ಒಂದು ಪೈಸೆನೂ ಡೆಬಿಟ್ ಆಗಿಲ್ಲ. ಆದ್ರೂ ಕಳ್ಳ ಅಂತ ಹೆಸರು.

ತಮಾಷೆ ಏನಂದ್ರೆ, ಅದೇ ಮರದ ಕವಲಲ್ಲಿ ಆಲದ ಸಸಿ ಹುಟ್ಟಿದ್ರೆ ಯಾರೂ ಮುಟ್ಟಲ್ಲ. ಮುಂದೆ ಬೇರು ನೆಲಕ್ಕಿಳಿಸಿ ಮರಾನೇ ಬಿಗಿದು ಸಾಯಿಸಬಲ್ಲದು ಅದು. ಕೈ ಮುಗಿಯೋದು ಅದಕ್ಕೆ, ಕತ್ತಿ ಬೀಳೋದು ಇದಕ್ಕೆ. (ಆಲ ಕಡೀರಿ ಅಂತಲ್ಲ, ಜಗಳಕ್ಕೆ ಬರ್ಬೇಡಿ.)

ಎರಡನೇ ಫೋಟೋ, ಡ್ರೈನೇರಿಯಾ ಕ್ವೆರ್ಸಿಫೋಲಿಯಾ. ಹೆಚ್ಚು ಏಟು ತಿನ್ನೋದು ಇದೇ. ಇದಕ್ಕೆ ಎರಡು ಥರದ ಎಲೆ. ದೊಡ್ಡದು, ಹಸಿರು, ಆಳವಾಗಿ ಸೀಳಿದ್ದು ಒಂದು. ಬೀಜಕ ಆಗೋದು ಅದರಲ್ಲೇ. ಇನ್ನೊಂದು ಗಿಡ್ಡ, ತೊಟ್ಟಿಲ್ಲದ್ದು. ಬೇಗ ಕಂದಾಗಿ ಕಾಗದದ ಥರ ಗರಿಗರಿಯಾಗತ್ತೆ, ಆದ್ರೆ ಉದುರಲ್ಲ. ಬಟ್ಟಲಿನ ಹಾಗೆ ನಿಂತು ಬಿದ್ದ ತರಗೆಲೆ ಹಿಡಿದಿಟ್ಟು ಗೊಬ್ಬರ ಮಾಡ್ಕೊಳತ್ತೆ. ಬೇಸಿಗೇಲಿ ಹಸಿರು ಎಲೆ ಉದುರಿ ಈ ಕಂದು ಬಟ್ಟಲು ಮಾತ್ರ ಉಳಿಯತ್ತೆ. ನೋಡಿದೋರು "ಒಣಗಿದ ಕಸ" ಅಂತಾರೆ. ಕಸ ಅಲ್ಲ, ಅದರ ಅಡುಗೆಮನೆ! ಒಳಗೆ ಕಂದು ಹೊಟ್ಟು ಮುಚ್ಚಿದ ದಪ್ಪ ಕಾಂಡ ಜೀವಂತ ಇದೆ, ಮಳೆ ಬಿದ್ರೆ ಮತ್ತೆ ಚಿಗುರತ್ತೆ. ಚಿಗುರೋಕೆ ಬಿಟ್ರೆ.

ಇನ್ನು ಆಪ್ ಭಕ್ತರಿಗೆ. ಎಲೆ ಮೇಲಿಂದ ಒಂದು ಕ್ಲಿಕ್, ಬಂದ ಹೆಸರು ಹಾಕಿ ಸ್ಟೋರಿ. ಮೂರನೇ ಫೋಟೋದಲ್ಲಿ ಎರಡು ಗಿಡ ಇದೆ, ಪೈರೋಸಿಯಾ ಮತ್ತು ಲೆಪಿಸೋರಸ್. ಮೇಲಿಂದ ಎರಡೂ ಸೀಳಿಲ್ಲದ ಕಿರಿದಾದ ಎಲೆ, ಆಪ್ ಏನು ಮಾಡತ್ತೆ ಪಾಪ? ಎಲೆ ಮಗುಚಿ. ಲೆಪಿಸೋರಸ್‌ಗೆ ನಡುನರದ ಎರಡೂ ಕಡೆ ಒಂದೊಂದು ಸಾಲು ದುಂಡು ಚುಕ್ಕೆ. ಪೈರೋಸಿಯಾ ಎಲೆ ದಪ್ಪ, 10 ಪಟ್ಟು ದೊಡ್ಡದು ಮಾಡೋ ಲೆನ್ಸ್ ಇಟ್ರೆ ನಕ್ಷತ್ರದ ಆಕಾರದ ರೋಮ ಕಾಣತ್ತೆ. ನಾಲ್ಕನೇ ಫೋಟೋದ ಆಸ್ಪ್ಲೀನಿಯಂನಲ್ಲಿ ಚುಕ್ಕೆ ಅಲ್ಲ, ಓರೆ ಗೆರೆಗಳು. ಈ ಚುಕ್ಕೆ, ಗೆರೆ ಎಲ್ಲ ಬೀಜಕದ ಗುಂಪು. ರೋಗ ಅಲ್ಲ, ಹುಳದ ಮೊಟ್ಟೆಯೂ ಅಲ್ಲ, ಔಷಧಿ ಹೊಡೀಬೇಡಿ.

"ಭಾರಕ್ಕೆ ಕೊಂಬೆ ಮುರಿಯಲ್ವಾ?" ಟೊಳ್ಳು ಕೊಂಬೆ ಆದ್ರೆ ಮುರೀಬಹುದು. ಹಾಗಾದ್ರೆ ಆ ಕೊಂಬೆ ತೆಗೀರಿ. ಗಟ್ಟಿ ಕಾಂಡದ ತೊಗಟೆ ಯಾಕೆ ಕೆರೀತೀರಿ? ಜರಿಗಿಡ ಮಾಡದ ಗಾಯಾನ ನಿಮ್ಮ ಕತ್ತಿ ಮಾಡತ್ತೆ.

ಹೆಸರು ಕೇಳಿ ಫೋಟೋ ಕಳಿಸೋರು ಇನ್ಮೇಲೆ ಮೂರು ಕಳಿಸಿ: ಇಡೀ ಗಿಡ, ಎಲೆ ಹಿಂಬದಿ, ಕಾಂಡ ಮರಕ್ಕೆ ಅಂಟಿರೋ ಜಾಗ. ಕಿತ್ತು ಕೈಯಲ್ಲಿ ಹಿಡಿದ ಫೋಟೋಗೆ ರಿಪ್ಲೈ ಮಾಡಲ್ಲ.