ಶುಲ್ಕ ಅಗ್ಗ, ಓದು ದುಬಾರಿ

ವಿಶ್ವವಿದ್ಯಾನಿಲಯದ ಓದು ಬಡವರ ಕೈಗೆಟುಕದಷ್ಟು ದುಬಾರಿಯಾಗಿದೆಯೆಂದು ಒಬ್ಬರು ಹೇಳಿದರೆ, ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಶುಲ್ಕ ಇಷ್ಟು ಕಡಿಮೆಯಿರುವಾಗ ಇನ್ನೇನು ಬೇಕೆಂದು ಮತ್ತೊಬ್ಬರು ಕೇಳುತ್ತಾರೆ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ. ಆದರೆ ಇಬ್ಬರೂ ನೋಡುವುದು ಶುಲ್ಕದ ರಶೀದಿಯನ್ನು ಮಾತ್ರ. ರಶೀದಿಯಲ್ಲಿ ಬರೆಯದ ಲೆಕ್ಕವೊಂದುಂಟು. ಅದನ್ನು ನನಗೆ ತಿಳಿಯಹೇಳಿದವನು ಅರ್ಥಶಾಸ್ತ್ರಜ್ಞನೇನೂ ಅಲ್ಲ. ಕುಪವಾಡ ಎಂಐಡಿಸಿಯ ಒಂದು ಫೌಂಡ್ರಿಯಲ್ಲಿ ದುಡಿಯುತ್ತಿರುವ ಇಪ್ಪತ್ತಮೂರು ವರ್ಷದ ತರುಣ.

ಕುಪವಾಡ ಎಲ್ಲಿಯದು ಎಂದು ನಮ್ಮ ಓದುಗರು ಕೇಳಿದರೆ ತಪ್ಪಿಲ್ಲ. ಮಹಾರಾಷ್ಟ್ರದ ಸಾಂಗ್ಲಿ, ಮಿರಜ ಪಟ್ಟಣಗಳಿಗೆ ಅಂಟಿಕೊಂಡಿರುವ ಊರು ಅದು. 1998ರಲ್ಲಿ ಈ ಮೂರನ್ನೂ ಸೇರಿಸಿ ಒಂದೇ ಮಹಾನಗರಪಾಲಿಕೆ ಮಾಡಿದರು. ಅಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ವಸಾಹತು ಇದೆ. ಜನರ ಬಾಯಲ್ಲಿ ಅದು ಎಂಐಡಿಸಿ. ಪಾಳಿ ಬಿಡುವ ಹೊತ್ತಿಗೆ ಅದರ ರಸ್ತೆಗಳಲ್ಲಿ ನಿಂತರೆ ಮರಾಠಿಯ ನಡುವೆ ಕನ್ನಡವೂ ಕಿವಿಗೆ ಬೀಳುತ್ತದೆ. ಜತ್ತ ತಾಲೂಕಿನ ಒಣನೆಲದಿಂದಲೂ ಗಡಿಯಾಚೆಯ ಅಥಣಿ, ಕಾಗವಾಡಗಳ ಕಡೆಯಿಂದಲೂ ಬಂದವರು ಅಲ್ಲಿ ದುಡಿಯುತ್ತಾರೆ. ಕಾರ್ಖಾನೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಕಚೇರಿಯಲ್ಲಿ ಮಲಯಾಳ, ಮನೆಯಲ್ಲಿ ಕನ್ನಡ ಅಥವಾ ತುಳು ಎಂಬ ನಮ್ಮ ಬದುಕನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ನನ್ನ ತಂಗಿಯ ಮಗಳ ಸಂಸಾರ ಅಲ್ಲಿದೆ. ಕಳೆದ ವರ್ಷ ಅವಳ ಮನೆಗೆ ಹೋಗಿ ಹತ್ತು ದಿನ ಇದ್ದೆ. ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗ ಜತ್ತ ತಾಲೂಕಿನವನು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಕಲಿತು, ಮುಂದೆ ಬಿ.ಎಸ್ಸಿ. ಪಾಸು ಮಾಡಿ, ಫೌಂಡ್ರಿಯಲ್ಲಿ ಕಂತ್ರಾಟು ಕೆಲಸಕ್ಕೆ ಸೇರಿದವನು. ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾನಿಲಯದಲ್ಲಿ ಎಂ.ಎಸ್ಸಿ.ಗೆ ಸೀಟು ಸಿಕ್ಕಿದ ಕಾಗದ ಅವನ ಕೈಯಲ್ಲಿತ್ತು. ಸೇರುವ ಕೊನೆಯ ದಿನ ಹತ್ತಿರವಾಗಿತ್ತು. “ಶುಲ್ಕಕ್ಕೆ ತೊಂದರೆಯೇನಪ್ಪಾ?” ಎಂದು ಕೇಳಿದೆ.

“ಫೀಸಿನ ಚಿಂತಿ ಅಲ್ರಿ ಕಾಕಾ. ಫೀಸು ಹ್ಯಾಂಗರ ಮಾಡಿ ತುಂಬಬಹುದು. ಎರಡು ವರ್ಷ ಪಗಾರ ಇರೂದಿಲ್ಲಲ್ರಿ, ಅದನ್ನ ಯಾರು ತುಂಬತಾರ?”

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ಇಬ್ಬರೂ ಕೂತು ಲೆಕ್ಕ ಹಾಕಿದೆವು. ತಿಂಗಳಿಗೆ 15,000 ರೂಪಾಯಿ ದುಡಿಯುವವನು ಎರಡು ವರ್ಷ ಓದಲು ಕೂತರೆ ಮನೆಗೆ ನಷ್ಟವಾಗುವುದು 3,60,000 ರೂಪಾಯಿ. ಊಟವನ್ನು ಎಲ್ಲಿದ್ದರೂ ಮಾಡಲೇಬೇಕಷ್ಟೆ, ಅದನ್ನು ಬಿಡೋಣ. ಕೊಲ್ಲಾಪುರದ ಕೋಣೆ, ಪ್ರಯಾಣ, ಪುಸ್ತಕ, ಪ್ರಯೋಗಶಾಲೆಯ ಸಾಮಾನು ಎಂದು ಹೆಚ್ಚಾಗುವ ಖರ್ಚು ತಿಂಗಳಿಗೆ ಬರಿಯ 4,000 ಎಂದು ಹಿಡಿದರೂ 96,000 ರೂಪಾಯಿ. ಅಂತೂ ಶುಲ್ಕದ ಒಂದು ಪೈಸೆಯನ್ನೂ ಸೇರಿಸುವ ಮೊದಲೇ ನಾಲ್ಕೂವರೆ ಲಕ್ಷ ದಾಟಿತು. ಊರಲ್ಲಿ ಮಳೆ ನೆಚ್ಚಿ ಕೂತ ತಂದೆ, ಮದುವೆಗೆ ಬಂದ ತಂಗಿ ಇರುವ ಮನೆಯಲ್ಲಿ ಈ ಹಣವನ್ನು ಎಲ್ಲಿಂದ ತರುವುದು? ಶುಲ್ಕವನ್ನು ಪೂರ್ತಿ ಮನ್ನಾ ಮಾಡಿದರೂ ಈ ಮೊತ್ತ ಹಾಗೆಯೇ ಉಳಿಯುತ್ತದೆ. ಸರಕಾರಿ ವಿಶ್ವವಿದ್ಯಾನಿಲಯದ ಬಾಗಿಲು ಎಲ್ಲರಿಗೂ ತೆರೆದಿದೆಯೆಂದು ಹೇಳುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು. ದುಡಿಯುವ ಮಗನಿಗಾಗಿ ಎರಡು ವರ್ಷ ಕಾಯಬಲ್ಲ ಮನೆಗೆ ಮಾತ್ರ ಆ ಬಾಗಿಲು ತೆರೆದಿದೆ.

ವಿದ್ಯಾರ್ಥಿವೇತನಗಳು ಇಲ್ಲವೆ ಎಂದು ಕೇಳಬಹುದು. ಉಂಟು. ಯು.ಜಿ.ಸಿ.ಯ ಕಿರಿಯ ಸಂಶೋಧನಾ ವೇತನ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗೆ ಏರಿತು. ಸಂತೋಷ. ಆದರೆ ಅದು ಸಂಶೋಧನೆಗೆ, ಅದೂ ನೆಟ್ ಪರೀಕ್ಷೆಯ ಮೇಲ್ಸಾಲಿನಲ್ಲಿ ಬಂದ ಕೆಲವರಿಗೆ. ಅಷ್ಟು ಮೇಲೆ ಬಾರದವರಿಗೆ ತಿಂಗಳಿಗೆ 8,000 ರೂಪಾಯಿಯ ಒಂದು ವೇತನವಿದೆ. ಅದು ಕೇಂದ್ರೀಯ ವಿಶ್ವವಿದ್ಯಾನಿಲಯಗಳಲ್ಲಿ ಓದುವವರಿಗಾಗಿ ಇರುವುದು. ನಮ್ಮ ಪೆರಿಯದಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾನಿಲಯಕ್ಕೂ ಕಣ್ಣೂರು, ಮಂಗಳೂರು, ಕೊಲ್ಲಾಪುರಗಳ ರಾಜ್ಯ ವಿಶ್ವವಿದ್ಯಾನಿಲಯಗಳಿಗೂ ಈ ವಿಷಯದಲ್ಲಿ ಅಜಗಜಾಂತರ. 2015ರಲ್ಲಿ ಈ ಎಂಟು ಸಾವಿರವನ್ನೂ ನಿಲ್ಲಿಸಲು ಯು.ಜಿ.ಸಿ. ಹೊರಟಾಗ ದಿಲ್ಲಿಯಲ್ಲಿ ವಿದ್ಯಾರ್ಥಿಗಳು ಆಯೋಗದ ಕಚೇರಿಯ ಮುಂದೆಯೇ ಕೂತು ಪ್ರತಿಭಟಿಸಬೇಕಾಯಿತು. ಅಲ್ಪಸಂಖ್ಯಾತ ಸಂಶೋಧಕರಿಗಿದ್ದ ಮೌಲಾನಾ ಆಜಾದ್ ವೇತನವನ್ನು 2022ರಲ್ಲಿ ನಿಲ್ಲಿಸಿಯೇ ಬಿಟ್ಟರು. ಮಹಾರಾಷ್ಟ್ರದಲ್ಲಿ ಬಾರ್ಟಿ, ಸಾರಥಿ, ಮಹಾಜ್ಯೋತಿ ಎಂಬ ಸಂಸ್ಥೆಗಳು ಬೇರೆ ಬೇರೆ ಸಮುದಾಯಗಳ ಸಂಶೋಧಕರಿಗೆ ವೇತನ ಕೊಡುತ್ತವೆ. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಎಂ.ಎ., ಎಂ.ಎಸ್ಸಿ.ಯ ಎರಡು ವರ್ಷಗಳನ್ನು ದಾಟದೆ ಸಂಶೋಧನೆಯ ಬಾಗಿಲಿಗೆ ತಲಪುವುದು ಹೇಗೆ? ಹೊಳೆಯ ಆಚೆ ದಡದಲ್ಲಿ ಊಟ ಬಡಿಸಿ, ದಾಟಲು ದೋಣಿ ಇಡದಿದ್ದರೆ ಏನು ಪ್ರಯೋಜನ?

ಇನ್ನು ಹಣ ಬರುವ ಕಾಲದ ವಿಚಾರ. ಸಿಗಬೇಕಾದ ವಿದ್ಯಾರ್ಥಿವೇತನ ತಿಂಗಳುಗಟ್ಟಲೆ ತಡವಾಗುವುದು ನಮ್ಮ ದೇಶದಲ್ಲಿ ಹೊಸತಲ್ಲ. ಬಾಡಿಗೆ ಕೇಳುವ ಮನೆಯೊಡೆಯನೂ ಖಾನಾವಳಿಯವನೂ “ಮಂಜೂರಾಗಿದೆ, ಬರಬೇಕಷ್ಟೆ” ಎಂಬ ಉತ್ತರದಿಂದ ಸಮಾಧಾನ ಹೊಂದುವುದಿಲ್ಲ. ಬಿತ್ತುವ ಕಾಲ ಮುಗಿದ ಮೇಲೆ ಸುರಿದ ಮಳೆಗೆ ರೈತ ಸಂತೋಷಪಡುವುದುಂಟೆ? ತಡವಾದ ಹಣದ ಬಡ್ಡಿಯನ್ನು ತೆರುವವನು ಬಡ ವಿದ್ಯಾರ್ಥಿಯೇ. ಸ್ಥಿತಿವಂತನ ಮಗ ತಂದೆಯಿಂದ ತರಿಸಿಕೊಂಡು ಕಾಯುತ್ತಾನೆ. ಬಡವನ ಮಗ ಕೈಸಾಲ ಮಾಡುತ್ತಾನೆ, ಇಲ್ಲವೆ ಓದು ಬಿಟ್ಟು ಹೋಗುತ್ತಾನೆ.

ಪರೀಕ್ಷೆ ನಡೆಸುವವರ ಅಚಾತುರ್ಯಕ್ಕೂ ಇವನೇ ದಂಡ ತೆರಬೇಕು. 2024ರ ಜೂನ್ 18ರಂದು ನಡೆದ ನೆಟ್ ಪರೀಕ್ಷೆಯನ್ನು ಮರುದಿನವೇ ರದ್ದುಗೊಳಿಸಿದರು. ಬರೆದವರು 9 ಲಕ್ಷಕ್ಕೂ ಮಿಕ್ಕಿ. ದೂರದ ಕೇಂದ್ರಕ್ಕೆ ಹೋಗಿ, ಒಂದು ದಿನದ ಕೂಲಿ ಬಿಟ್ಟು, ರಾತ್ರಿ ಬಸ್ಸುನಿಲ್ದಾಣದಲ್ಲಿ ಕಳೆದು ಪರೀಕ್ಷೆ ಬರೆದವನ ಖರ್ಚನ್ನು ಯಾವ ಖಾತೆಯಲ್ಲಿ ಬರೆಯೋಣ?

ಈ ಪ್ರದೇಶದ ಇತಿಹಾಸವನ್ನು ಸ್ವಲ್ಪ ತಿರುವಿ ನೋಡಿದರೆ ನಾಚಿಕೆಯಾಗುತ್ತದೆ. ಸಾಂಗ್ಲಿ-ಮಿರಜಗಳ ನಡುವೆ 1919ರಿಂದ ಇರುವ ವಿಲಿಂಗ್ಡನ್ ಕಾಲೇಜಿನ ಹೆಸರು ಕನ್ನಡಿಗರಿಗೆ ಅಪರಿಚಿತವೇನಲ್ಲ. ರಂ. ಶ್ರೀ. ಮುಗಳಿಯವರು ಕನ್ನಡ ಕಲಿಸಿದ್ದು ಅಲ್ಲಿ. ಅವರ ‘ಕನ್ನಡ ಸಾಹಿತ್ಯ ಚರಿತ್ರೆ’ಗೆ 1956ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ವಿ.ಕೃ. ಗೋಕಾಕರು ಅದೇ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಗೋಕಾಕರನ್ನು 1936ರಲ್ಲಿ ಆಕ್ಸ್‌ಫರ್ಡಿಗೆ ಕಳುಹಿಸಿದ್ದು ಡೆಕ್ಕನ್ ಎಜ್ಯುಕೇಶನ್ ಸೊಸೈಟಿ. ಡಾ. ಅಂಬೇಡ್ಕರರು 1913ರಲ್ಲಿ ಅಮೆರಿಕೆಯ ಕೊಲಂಬಿಯಾಕ್ಕೆ ಹೋದುದು ಬರೋಡಾದ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷಕ್ಕೆ ಕೊಟ್ಟ ವೇತನದ ಬಲದಿಂದ. ಕರ್ಮವೀರ ಭಾವೂರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿ, ದುಡಿಯುತ್ತ ಕಲಿಯುವ ದಾರಿಯನ್ನು ಹಳ್ಳಿಯ ಮಕ್ಕಳಿಗೆ ತೋರಿಸಿದರು. ಅವರ ವಸತಿಗೃಹದ ಮಕ್ಕಳ ಊಟಕ್ಕಾಗಿ ಪತ್ನಿ ಲಕ್ಷ್ಮೀಬಾಯಿಯವರು ಮೈಮೇಲಿನ ಒಡವೆಗಳನ್ನೇ ಕೊಟ್ಟುಬಿಟ್ಟರು. ಹಿರಿಯರೆಂದು ನಾವು ಕೈಮುಗಿಯುವವರು ಮನೆಯ ಹಣವೊಂದನ್ನೇ ನೆಚ್ಚಿ ಮೇಲೆ ಬಂದವರಲ್ಲ. ಅವರು ಓದುವ ಕಾಲದಲ್ಲಿ ಅವರ ಅನ್ನದ ಭಾರವನ್ನು ಯಾರೋ ಹೊತ್ತಿದ್ದರು.

ಒಂದು ಆಕಸ್ಮಿಕವನ್ನು ಇಲ್ಲಿ ನೆನೆಯಬೇಕು. ಎಂಐಡಿಸಿ ಸ್ಥಾಪನೆಯಾದುದೂ ಶಿವಾಜಿ ವಿಶ್ವವಿದ್ಯಾನಿಲಯ ಸ್ಥಾಪನೆಯಾದುದೂ ಒಂದೇ ವರ್ಷ, 1962ರಲ್ಲಿ. ಒಂದು ಕೈಗಳಿಗೆ ಕೆಲಸ ಕೊಡಲು, ಇನ್ನೊಂದು ತಲೆಗಳಿಗೆ ವಿದ್ಯೆ ಕೊಡಲು. ಅರುವತ್ತು ವರ್ಷಗಳು ಕಳೆದರೂ ಈ ಎರಡರ ನಡುವೆ ಕಾರ್ಮಿಕನೊಬ್ಬ ನಡೆದುಹೋಗುವಷ್ಟು ಅಗಲದ ಹಾದಿಯನ್ನು ನಾವು ಮಾಡಲಿಲ್ಲ. ವಿಶ್ವವಿದ್ಯಾನಿಲಯದಲ್ಲಿ ‘ಕಮವಾ ವ ಶಿಕಾ’, ಎಂದರೆ ದುಡಿ ಮತ್ತು ಕಲಿ, ಎಂಬ ಯೋಜನೆ ಇದೆ. ಶ್ಲಾಘನೀಯವಾದುದು. ಆದರೆ ಅದು ವಿದ್ಯಾರ್ಥಿಯ ಹೊಟ್ಟೆಗೆ ಆಧಾರವಾಗಬಹುದೇ ಹೊರತು ಅವನ ದುಡಿಮೆಯನ್ನು ನಂಬಿದ ಮನೆಯ ಹೊಟ್ಟೆಗೆ ಸಾಲದು. ಪಿಎಚ್.ಡಿ.ಯನ್ನು ಉದ್ಯೋಗದಲ್ಲಿದ್ದುಕೊಂಡೇ ಮಾಡಲು 2022ರ ಯು.ಜಿ.ಸಿ. ನಿಯಮಗಳು ಅವಕಾಶ ಕೊಡುತ್ತವೆ. ಅದಕ್ಕೆ ಉದ್ಯೋಗ ಕೊಟ್ಟವರ ನಿರಾಕ್ಷೇಪಣಾ ಪತ್ರ ಬೇಕು. ಕಂತ್ರಾಟುದಾರನ ಕೈಕೆಳಗೆ ದುಡಿಯುವವನಿಗೆ ಅಂತಹ ಪತ್ರವನ್ನು ಬರೆದುಕೊಡುವವರು ಯಾರು? ಕಾರ್ಖಾನೆಯವರು ಅವನನ್ನು ತಮ್ಮ ನೌಕರನೆಂದು ಒಪ್ಪುವುದಿಲ್ಲ. ಕಂತ್ರಾಟುದಾರನಿಗೆ ವಿಶ್ವವಿದ್ಯಾನಿಲಯದ ಗೊಡವೆಯಿಲ್ಲ.

ಗಡಿನಾಡಿನವರಾದ ನಮಗೆ ಸಂಬಂಧಿಸಿದ ಮಾತೊಂದಿದೆ. ಕರ್ನಾಟಕದ ವೃತ್ತಿಶಿಕ್ಷಣದ ಸಾಮಾನ್ಯ ಪ್ರವೇಶ ಪರೀಕ್ಷೆಯ ನಿಯಮಗಳಲ್ಲಿ ‘ಗಡಿನಾಡ ಕನ್ನಡಿಗ’ ಎಂಬ ವಿಭಾಗವಿದೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರಗಳ ಹೆಸರಿನ ಜತೆಗೇ ಜತ್ತ, ಅಕ್ಕಲಕೋಟೆ, ಗಡಹಿಂಗ್ಲಜಗಳ ಹೆಸರೂ ಅದರಲ್ಲಿ ಬರುತ್ತದೆ. ಆ ತಾಲೂಕುಗಳಲ್ಲಿ ಇದ್ದು ಕಲಿತವರಿಗೆ ಅದರ ಪ್ರಯೋಜನ. ಹೊಟ್ಟೆಪಾಡಿಗಾಗಿ ಜತ್ತದಿಂದ ಕುಪವಾಡಕ್ಕೆ ಬಂದವನ ಮಕ್ಕಳು ಮಿರಜ ತಾಲೂಕಿನಲ್ಲಿ ಕಲಿತರೆ ಅವರು ಆ ಪಟ್ಟಿಯಿಂದ ಹೊರಗೆ! ಒಳಗಿರುವವರಿಗಾದರೂ ಸಿಗುವುದು ಪ್ರವೇಶದ ಹಕ್ಕು, ತಿಂಗಳ ಅನ್ನವಲ್ಲ. ರಾಜಕಾರಣಿಗಳಿಗೆ ಗಡಿ ನೆನಪಾಗುವುದು ಭಾಷಣದ ಹೊತ್ತಿಗೆ. 2022ರ ಕೊನೆಯಲ್ಲಿ ಜತ್ತದ ಹಳ್ಳಿಗಳ ಹೆಸರು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ತುಂಬಿತ್ತು. ಆ ಹಳ್ಳಿಗಳ ಹುಡುಗರಲ್ಲಿ ಎಷ್ಟು ಮಂದಿ ಪದವಿಯ ಆಚೆಗೆ ಓದಿದರೆಂದು ಕೇಳಿದವರು ಕಡಿಮೆ.

ಎಲ್ಲರೂ ಎಂ.ಎ., ಎಂ.ಎಸ್ಸಿ. ಓದಿ ಆಗಬೇಕಾದುದೇನು, ಓದಿದವರಿಗೇ ಕೆಲಸವಿಲ್ಲವಲ್ಲ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಓದಿ ಮುಗಿಸಿದವನು ಮಹಾರಾಷ್ಟ್ರದಲ್ಲಿ ತಾಸಿನ ಲೆಕ್ಕದ ಅಧ್ಯಾಪಕನಾಗಿಯೋ, ಕೇರಳ-ಕರ್ನಾಟಕಗಳಲ್ಲಿ ಅತಿಥಿ ಉಪನ್ಯಾಸಕನಾಗಿಯೋ ವರ್ಷಗಟ್ಟಲೆ ಕಾಯುವುದನ್ನು ನಾವು ಕಾಣುತ್ತಿದ್ದೇವೆ. ಹಾಗಾಗಿಯೇ ಬಡವನ ಮಟ್ಟಿಗೆ ಈ ಓದು ಇನ್ನಷ್ಟು ದುಬಾರಿ. ನಾಲ್ಕೂವರೆ ಲಕ್ಷ ಹೋದುದಲ್ಲದೆ, ಅದು ಮರಳಿ ಬರುವುದೆಂಬ ಭರವಸೆಯೂ ಇಲ್ಲ. ಎಲ್ಲರೂ ಓದಲೇಬೇಕೆಂದು ನಾನು ಹೇಳುವುದಿಲ್ಲ. ಯಾರು ಓದಬೇಕೆಂಬುದನ್ನು ಅವರ ಬುದ್ಧಿ ಮತ್ತು ಆಸೆ ನಿರ್ಣಯಿಸಲಿ, ಮನೆಯ ಅಕ್ಕಿಡಬ್ಬ ನಿರ್ಣಯಿಸುವುದು ಬೇಡ. ಹಾಗಾದರೆ ಸರಕಾರಿ ವಿಶ್ವವಿದ್ಯಾನಿಲಯವೂ ಖಾಸಗಿಯಷ್ಟೇ ಸ್ಥಿತಿವಂತರ ಸೊತ್ತಾಗುತ್ತದೆ. ವ್ಯತ್ಯಾಸವಿಷ್ಟೇ, ಅದರ ವೆಚ್ಚವನ್ನು ತೆರಿಗೆಯ ಮೂಲಕ ಬಡವನೂ ಹೊರುತ್ತಾನೆ.

ಆಗಬೇಕಾದುದೇನು? ಸಂಶೋಧನೆಗೆ ಮಾತ್ರವಲ್ಲ, ಸ್ನಾತಕೋತ್ತರ ತರಗತಿಗೂ ದುಡಿಯುವ ಕುಟುಂಬಗಳ ಮಕ್ಕಳಿಗೆ ಜೀವನ ವೇತನ ಬೇಕು. ಅದು ವರ್ಷಾಂತ್ಯದಲ್ಲಿ ಒಟ್ಟಾಗಿ ಬಾರದೆ, ನೌಕರರ ಸಂಬಳದಂತೆ ತಿಂಗಳ ಮೊದಲ ವಾರದಲ್ಲಿ ಕೈಸೇರಬೇಕು. ಸಾಂಗ್ಲಿ-ಮಿರಜಗಳಂತಹ ಕೈಗಾರಿಕಾ ಊರುಗಳ ಕಾಲೇಜುಗಳಲ್ಲಿ ಪಾಳಿಯ ಕಾರ್ಮಿಕರು ಹಾಜರಾಗಬಹುದಾದ ಸಂಜೆಯ ಮತ್ತು ರಜಾದಿನದ ಸ್ನಾತಕೋತ್ತರ ತರಗತಿಗಳು ನಡೆಯಬೇಕು. ಕಂತ್ರಾಟು ಕಾರ್ಮಿಕನಿಗೆ ನಿರಾಕ್ಷೇಪಣಾ ಪತ್ರದ ಕಟ್ಟಲೆಯನ್ನು ಸಡಿಲಿಸಬೇಕು. ವಸಾಹತಿನ ಉದ್ಯಮಿಗಳು ತಮ್ಮಲ್ಲಿ ದುಡಿಯುವ ಪದವೀಧರರಲ್ಲಿ ವರ್ಷಕ್ಕೆ ಹತ್ತು ಮಂದಿಯ ಓದಿನ ಹೊಣೆ ಹೊತ್ತರೂ ಅದು ಅವರಿಗೆ ಭಾರವಾಗದು. ಗಡಿನಾಡಿನ ವಿಷಯದಲ್ಲಿ ಕರ್ನಾಟಕ ಸರಕಾರವು ಸೀಟಿನ ಜತೆಗೆ ವಸತಿಯನ್ನೂ ವೇತನವನ್ನೂ ಕೊಡಲಿ. ಕೆಲಸ ಹುಡುಕಿಕೊಂಡು ಪಕ್ಕದ ತಾಲೂಕಿಗೆ ಹೋದವರನ್ನು ಪಟ್ಟಿಯಿಂದ ಬಿಡದಿರಲಿ.

ನಾನು ಹೊರಡುವ ದಿನ ಆ ಹುಡುಗ ಮೊದಲ ಪಾಳಿಗೆ ಹೋಗುವ ಅವಸರದಲ್ಲಿದ್ದ. ಕಾಗದ ಏನು ಮಾಡಿದೆಯೆಂದು ಕೇಳಿದೆ. “ಟ್ರಂಕಿನ್ಯಾಗ ಐತ್ರಿ. ಬರೂ ವರ್ಷ ನೋಡೂನ್ರಿ ಕಾಕಾ” ಎಂದು ಹೇಳಿ ಸೈಕಲು ಹತ್ತಿದ. ಬರುವ ವರ್ಷ ಮತ್ತೆ ಅರ್ಜಿ, ಮತ್ತೆ ಪ್ರವೇಶ ಪರೀಕ್ಷೆ. ಆ ಹೊತ್ತಿಗೆ ತಂಗಿಯ ಮದುವೆಯ ಸಾಲವೂ ತಲೆಯ ಮೇಲಿರುತ್ತದೆ.

ಕೊಲ್ಲಾಪುರದಲ್ಲಿ ವಿಶ್ವವಿದ್ಯಾನಿಲಯವಿರುವ ಜಾಗಕ್ಕೆ ವಿದ್ಯಾನಗರವೆಂದು ಹೆಸರು. ನಮ್ಮ ಕಾಸರಗೋಡಿನ ಸರಕಾರಿ ಕಾಲೇಜು ಇರುವುದೂ ವಿದ್ಯಾನಗರದಲ್ಲಿ. ಅಲ್ಲಿ ಕನ್ನಡ ಎಂ.ಎ.ಗೆ ಸೇರಬೇಕೆಂದಿದ್ದು, ಬೀಡಿ ಕಟ್ಟಿ ಸಾಕಿದ ತಾಯಿಯ ಮುಖ ನೋಡಿ ಮಂಗಳೂರಿನ ಅಂಗಡಿಗೋ ಗಲ್ಫಿಗೋ ಹೊರಟುಹೋದವರು ನಿಮ್ಮ ನೆರೆಮನೆಯಲ್ಲೂ ಇರಬಹುದು. ಈ ಸಲ ಪ್ರವೇಶದ ಕಾಲ ಬಂದಾಗ ಊರಿನ ಸಂಘಗಳು, ಸಹಕಾರಿ ಬ್ಯಾಂಕುಗಳು, ಹಳೆ ವಿದ್ಯಾರ್ಥಿಗಳು ಅಂತಹ ಒಬ್ಬೊಬ್ಬರ ಮನೆಗೆ ಹೋಗಲಿ. “ಶುಲ್ಕ ಎಷ್ಟು?” ಎಂದು ಕೇಳುವುದರ ಬದಲು “ನೀನು ಓದುವಾಗ ಮನೆ ನಡೆಯುವುದು ಹೇಗೆ?” ಎಂದು ಕೇಳಲಿ. ಸರಕಾರಗಳು ಎಚ್ಚರಗೊಳ್ಳುವವರೆಗೆ ನಮ್ಮಿಂದ ಆಗಬಹುದಾದ ಕೆಲಸ ಇದು.