ದೊಡ್ಡ ಒಲೆ, ಸಣ್ಣ ಒಲೆ

೧೯೫೫ರಲ್ಲಿ ಜಿನೀವಾದಲ್ಲಿ ನೆರೆದ ಪರಮಾಣುಶಕ್ತಿ ಸಮ್ಮೇಳನದ ಅಧ್ಯಕ್ಷಪೀಠದಿಂದ ಹೋಮಿ ಭಾಭಾ ಅವರು ಒಂದು ಭವಿಷ್ಯ ನುಡಿದರು. ಬೈಜಿಕ ಸಮ್ಮಿಲನದ ಶಕ್ತಿಯನ್ನು ಹತೋಟಿಯಲ್ಲಿಟ್ಟು ಪಡೆಯುವ ಮಾರ್ಗ ಎರಡು ದಶಕಗಳೊಳಗೆ ದೊರೆಯುವುದೆಂಬುದೇ ಆ ಮಾತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಕೆಲವು ಕಾಲ ದುಡಿದಿದ್ದ ಆ ಮಹನೀಯರ ನುಡಿ ಇನ್ನೂ ಪೂರ್ಣವಾಗಿ ಫಲಿಸಿಲ್ಲ. ೨೦೨೨ರ ಡಿಸೆಂಬರಿನಲ್ಲಿ ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಗುರಿಯ ಮೇಲೆ ಬಿದ್ದ ೨.೦೫ ಮೆಗಾಜೂಲ್ ಲೇಸರ್ ಶಕ್ತಿಗೆ ಪ್ರತಿಯಾಗಿ ೩.೧೫ ಮೆಗಾಜೂಲ್ ದೊರೆಯಿತು, ನಿಜ. ಆದರೆ ಆ ಲೇಸರುಗಳು ನುಂಗಿದ ವಿದ್ಯುತ್ತು ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿನದು.

ಇವು ದೊಡ್ಡ ಒಲೆಗಳ ಕಥೆ. ಸಣ್ಣ ಒಲೆಯ ಮುಂದೆ ಕುಳಿತವರ ಕಥೆಯನ್ನು ಕೇಳುವವರು ವಿರಳ. ಅಂಥವರಲ್ಲಿ ಒಬ್ಬರು ರಾಬರ್ಟ್ ಬುಸಾರ್ಡ್. ೧೯೭೦ರ ದಶಕದ ಆದಿಯಲ್ಲಿ ಅಮೆರಿಕದ ಪರಮಾಣುಶಕ್ತಿ ಆಯೋಗದ ಸಮ್ಮಿಲನ ವಿಭಾಗದಲ್ಲಿ ಹಿರಿಯ ಅಧಿಕಾರಿಯಾಗಿದ್ದ ಇವರು ಮುಂದೆ ಬೇರೊಂದು ದಾರಿ ಹಿಡಿದರು. ಘನಾಕೃತಿಯ ಆರು ಮುಖಗಳಲ್ಲಿ ವಿದ್ಯುತ್ಕಾಂತದ ಸುರುಳಿಗಳನ್ನಿರಿಸಿ ನಡುವೆ ಎಲೆಕ್ಟ್ರಾನುಗಳನ್ನು ಸೆರೆಹಿಡಿದರೆ, ಧನ ಅಯಾನುಗಳು ಬಾವಿಗೆ ಬಿದ್ದಂತೆ ಕೇಂದ್ರಕ್ಕೆ ಧಾವಿಸಿ ಡಿಕ್ಕಿ ಹೊಡೆಯುವುವು. ಇದು ಅವರ ‘ಪಾಲಿವೆಲ್’ ಯಂತ್ರದ ತತ್ತ್ವ.

ಹಣ ಕೊಟ್ಟದ್ದು ಅಮೆರಿಕದ ನೌಕಾದಳ. ಅದರ ಕಟ್ಟುಪಾಡಿನಂತೆ ಸುಮಾರು ಹನ್ನೊಂದು ವರ್ಷ ಅವರು ಏನನ್ನೂ ಪ್ರಕಟಿಸುವಂತಿರಲಿಲ್ಲ. ೨೦೦೫ರಲ್ಲಿ ನೆರವು ನಿಲ್ಲುವ ಹೊತ್ತಿಗೆ, ನವೆಂಬರಿನಲ್ಲಿ, ಅವಸರದಿಂದ ಕಡೆಯ ಪ್ರಯೋಗಗಳು ನಡೆದುವು. ಬೆರಳೆಣಿಕೆಯ ಪರೀಕ್ಷೆಗಳಾಗುವಷ್ಟರಲ್ಲಿ ಸುರುಳಿಯೊಂದು ಸುಟ್ಟುಹೋಯಿತು. ಮರುವರ್ಷದ ನವೆಂಬರಿನಲ್ಲಿ ಬುಸಾರ್ಡ್ ಗೂಗಲ್ ಸಂಸ್ಥೆಯ ಸಭೆಯೊಂದರಲ್ಲಿ ನಿಂತು ಸಹಾಯ ಯಾಚಿಸಿದರು. ಅದೇ ತಿಂಗಳು ಪ್ಯಾರಿಸಿನಲ್ಲಿ ಭಾರತವೂ ಸೇರಿದಂತೆ ಏಳು ಪಕ್ಷಗಳು ‘ಇಟರ್’ ಎಂಬ ಮಹಾಯಂತ್ರದ ಒಪ್ಪಂದಕ್ಕೆ ಸಹಿ ಹಾಕಿದುವು. ೨೦೦೭ರಲ್ಲಿ ನೌಕಾದಳ ಮತ್ತೆ ಕೈ ನೀಡಿತು. ಅಕ್ಟೋಬರಿನಲ್ಲಿ ಬುಸಾರ್ಡ್ ತೀರಿಕೊಂಡರು. ಸಂಗಡಿಗರು ಕೆಲಸ ಮುಂದುವರಿಸಿ ೨೦೧೫ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರಾದರೂ ಮುಂದಿನ ಹಂತಕ್ಕೆ ಬೇಕಾದ ಹಣ ಒದಗಲಿಲ್ಲ.

ಬುಸಾರ್ಡರದೇ ಸರಿಯಾದ ದಾರಿಯೆಂದು ಹೇಳಲು ಕನ್ನಡ ಕಲಿಸುವ ನಾನು ಯಾರು? ಕೆಲವೇ ನ್ಯೂಟ್ರಾನುಗಳ ಲೆಕ್ಕದ ಮೇಲೆ ಅವರು ಗೆಲುವನ್ನು ಸಾರಿದುದು ಆತುರವೆಂದು ಬಲ್ಲವರು ಆಕ್ಷೇಪಿಸಿದರು, ಆಕ್ಷೇಪಣೆ ನ್ಯಾಯವಾದುದೇ. ಅರ್ಧ ಬರೆದ ಉತ್ತರಪತ್ರಿಕೆಗೆ ಪೂರ್ಣಾಂಕ ಬೇಡುವುದು ಸಲ್ಲದು. ಆದರೆ ಬರೆಯುತ್ತಿರುವವನ ಕೈಯಿಂದ ಪತ್ರಿಕೆಯನ್ನು ಕಸಿದುಕೊಂಡು, ‘ಇವನಿಗೆ ಉತ್ತರ ಗೊತ್ತಿಲ್ಲ’ ಎನ್ನುವ ಮೇಲ್ವಿಚಾರಕನನ್ನು ಏನೆನ್ನೋಣ?

ಸಾರ್ವಜನಿಕರ ಹಣವನ್ನು ಕನಸುಗಾರರಿಗೆಲ್ಲ ಹಂಚಲಾಗದು ಎಂಬ ವಾದವನ್ನು ನಾನು ಬಲ್ಲೆ, ಒಪ್ಪುತ್ತೇನೆ. ನಾನು ಕೇಳುವುದು ಎರಡೇ: ಆರಂಭಿಸಿದ ಸಣ್ಣ ಪ್ರಯೋಗವನ್ನು ಹೌದು ಅಥವಾ ಅಲ್ಲ ಎಂಬ ತೀರ್ಮಾನದವರೆಗೆ ನಡೆಯಗೊಡಬೇಕು, ಅದರ ಫಲವನ್ನು ಎಲ್ಲರೂ ಪರೀಕ್ಷಿಸುವಂತೆ ಬಯಲಿಗಿಡಬೇಕು. ‘ಅಲ್ಲ’ ಎಂಬುದೂ ಜ್ಞಾನವೇ. ಮುಂದೆ ಬರುವವನಿಗೆ ಒಂದು ದಾರಿಯ ಸುತ್ತು ತಪ್ಪುತ್ತದೆ. ಉತ್ತರವಿಲ್ಲದೆ ಆರಿದ ಒಲೆ ಮಾತ್ರ ಯಾರಿಗೂ ಏನನ್ನೂ ಕಲಿಸದು.